ಓಡಿದರೆ ಆರಬೇಕು

ಐನೂರರ ಛಾಪಾ ಕಾಗದದ ಮೇಲೆ
ಕಾಶೀಬಾಯಿ ಟೀಚರ್ ಒಂದೇ ಶರತ್ತು ಬರೆಸಿದ್ದರು:
ಪುತಳಿ ಓಡಬಾರದು.

ಬೀದರಿನಲ್ಲಿ, ಚೌಬಾರಾದ ಹಿಂದೆ,
ಝೆರಾಕ್ಸ್ ಅಂಗಡಿಯ ಅಟ್ಟದ ಮೇಲೆ ನಾವಿಬ್ಬರು,
ನಾನು ಮತ್ತು ಇಮ್ತಿಯಾಜ್.
ಒಂದು ಫ್ಯಾನು, ಎರಡು ಕಂಪ್ಯೂಟರು,
ಮೂರು ಕಂತಿನಲ್ಲಿ ಮೂವತ್ತೈದು ಸಾವಿರಕ್ಕೆ ಕೊಂಡ
ಒಂದು ಮಕ್ಕಳ ಕಥೆಯ ಹಕ್ಕು.
ಕಥೆಯಿಷ್ಟೆ: ನೌಬಾದಿನ ನೆಲದಡಿ, ಸುರಂಗ ಬಾವಿಯೊಳಗೆ,
ನೀರು ಎಲ್ಲಿ ನಿಂತಿತೆಂದು ಹುಡುಕುತ್ತ
ಒಬ್ಬ ಹುಡುಗಿ ದೀಪ ಹಿಡಿದು ನಡೆಯುತ್ತಾಳೆ.
ನಡೆಯುತ್ತಾಳೆ. ಹದಿನೆಂಟು ಪುಟ ನಡೆಯುತ್ತಾಳೆ.

ಬರೀ ನಡೆದರೆ ಅದು ಆಟ ಹೇಗಾದೀತು, ಹೇಳಿ.
"ಶರತ್ತು ಆಮ್ಯಾಲ ನೋಡೋಣು," ಅಂದ ಇಮ್ತಿಯಾಜ್, "ಮೊದಲ ಓಡಸು."
ಓಡಿಸಿದೆ.
ಕೆಂಪು ಜಂಬಿಟ್ಟಿಗೆಯ ಗೋಡೆಗೆ ಕಾಲು ಕೊಟ್ಟು ಜಿಗಿದಳು,
ಬಾವಲಿಗಳಿಗೆ ಕಲ್ಲು ಬೀಸಿದಳು.
ಅವನು ನಾಣ್ಯ ಬರೆದ, ಅರವತ್ತನಾಲ್ಕು,
ಕಪ್ಪು ಹೂಜಿಗೆ ಬೆಳ್ಳಿ ತಂತಿ ಕೂರಿಸುವ ಅಪ್ಪನ ಕೈ ನೋಡಿ
ಕಲಿತ ಬಳ್ಳಿ ಒಂದೊಂದರ ಮೇಲೂ.
ಮೈಲೂರಿನ ಹುಡುಗರು ಫೋನು ಬಿಡಲೇ ಇಲ್ಲ.
ಬ್ಯಾಟರಿ ಸತ್ತ ಮೇಲೆ ಕೇಳಿದೆ: ಆ ಹುಡುಗಿ ಹೆಂಗಿದ್ದಳು?
"ಯಾವ ಹುಡುಗಿ?"

ಆ ರಾತ್ರಿಯೇ ಎಲ್ಲ ಅಳಿಸಿ ಕೂತೆ.
ಪುಸ್ತಕದಲ್ಲಿದ್ದದ್ದು ಇದ್ದ ಹಾಗೆ.
ಬೆರಳಿಟ್ಟರೆ ನಡೆಯುತ್ತಾಳೆ, ತೆಗೆದರೆ ನಿಲ್ಲುತ್ತಾಳೆ;
ಮೇಲಿನ ಗಾಳಿಬಾವಿಯಿಂದ ಬಿಸಿಲ ಕಂಬ ಇಳಿದಾಗಲೆಲ್ಲ
ಟೀಚರ್ ಬರೆದ ಸಾಲು ಪರದೆಯ ಮೇಲೆ ಮೂಡುತ್ತದೆ.
ಅವರ ಮನೆಗೇ ಒಯ್ದೆವು.
ಕನ್ನಡಕ ಏರಿಸಿ, ಬೆರಳೊತ್ತಿ ಹಿಡಿದು, ನೋಡಿದರು, ನೋಡಿದರು,
ಆರನೇ ನಿಮಿಷಕ್ಕೆ ಆಕಳಿಸಿದರು.
"ಒಂದಕ್ಷರ ತಪ್ಪಿಲ್ಲಪಾ. ಖರೇ ಹೇಳ್ಲಿ?
ನನ್ನ ಕಥಿ ನನಗೇ ಕಂಠಪಾಠ ಒಪ್ಪಿಸಿದಂಗಾತು."

ಸುಸಲಾ ಬಾಯಿತುಂಬ ಇದ್ದಾಗಲೇ ಇಮ್ತಿಯಾಜ್ ಕೇಳಿಬಿಟ್ಟ:
"ಟೀಚರ್, ಆಕಿ ಯಾಕ ಓಡಂಗಿಲ್ಲ?"
ಉತ್ತರ ಹೇಳಲಿಲ್ಲ ಅವರು. ಎದ್ದು ಒಳಗೆ ಹೋದರು,
ಜಗುಲಿಯ ಹಣತೆ ತಂದು, ಅಂಚಿನ ತನಕ ಎಣ್ಣೆ ಸುರಿದು,
ಹೊತ್ತಿಸಿ ಅವನ ಅಂಗೈ ಮೇಲಿಟ್ಟರು.
"ಬಾಗಲ ತನಕ ಹೋಗಿ ಬಾ."
ಆರಡಿಯ ಇಮ್ತಿಯಾಜ್
ಬೇರೆಯವರ ಹಸುಗೂಸು ಎತ್ತಿಕೊಂಡವನಂತೆ ಹೊರಟ.
ಫ್ಯಾನಿನ ಕೆಳಗೆ ತಡೆದ. ಹೊಸ್ತಿಲಲ್ಲಿ ಉಸಿರು ಕಟ್ಟಿದ.
ಮರಳುವಾಗ ಸೊಕ್ಕು ಬಂತು, ಎರಡು ಹೆಜ್ಜೆ ಜೋರು ಇಟ್ಟ,
ಎಣ್ಣೆ ತೋಳಿನೊಳಕ್ಕೆ, ಬತ್ತಿಯಿಂದ ಹೊಗೆ.
ಮೂವರೂ ನಕ್ಕೆವು.
"ಇನ್ನೊಮ್ಮಿ," ಅಂದ ಅವನು, ಕೈ ಚಾಚಿ.

ಟೀಚರ್ ಪೆನ್ನು ಕೇಳಿದರು.
ಛಾಪಾ ಕಾಗದದ 'ಓಡಬಾರದು' ಹೊಡೆದುಹಾಕಿ, ಪಕ್ಕದಲ್ಲಿ
ಕರಿಹಲಗೆಯ ದುಂಡು ಅಕ್ಷರದಲ್ಲಿ ಬರೆದರು:
ಓಡಿದರೆ ಆರಬೇಕು.
ಕೆಳಗೆ ಸಹಿ, ತಾರೀಖು, ಒಂದು ಎಣ್ಣೆಯ ಬೆರಳು.

ಈಗ ಫೋನೇ ಹಣತೆ.
ಓರೆಯಾದರೆ ಚೆಲ್ಲುತ್ತದೆ, ಅವಸರಕ್ಕೆ ಕುಡಿ ಬಾಗುತ್ತದೆ.
'ಯಾವ ಹುಡುಗಿ' ಎಂದಿದ್ದ ಹುಡುಗ
ಎರಡೂ ಕೈಯಲ್ಲಿ ಹಿಡಿದು ಶಾಲೆಯ ವರಾಂಡ ದಾಟುತ್ತಿದ್ದ ಮೊನ್ನೆ,
ಗೆಳೆಯರನ್ನು ಬೈಯುತ್ತ, ತುಟಿಯಲ್ಲೇ:
"ಮೈಮ್ಯಾಲ ಬೀಳಬ್ಯಾಡ್ರಲೇ. ಪುತಳಿ ಬರಾಕತ್ಯಾಳ."

ಎಲ್ಲ ಬಗೆಹರಿಯಿತೆಂದಲ್ಲ.
ಕಥೆಯ ಕೊನೆಗೆ ನೀರು ಸಿಗುವುದಿಲ್ಲ,
ಗೋಡೆಯಾಚೆ ಅದರ ಸದ್ದು ಸಿಗುತ್ತದೆ, ಅಷ್ಟೆ.
ಸದ್ದಿಗೆ ಎಷ್ಟು ಅಂಕ?
ನಾನು ನೂರು ಅಂತೇನೆ, ಟೀಚರ್ ಸೊನ್ನೆ ಅಂತಾರೆ,
ಮೂರನೇ ಕಂತು ಅಲ್ಲೇ ನಿಂತಿದೆ.

ಇಮ್ತಿಯಾಜ್ ಅರವತ್ತಮೂರು ನಾಣ್ಯ ಅಳಿಸಿದ.
ಒಂದನ್ನು ಮಾತ್ರ ಎರಡನೇ ತಿರುವಿನ ಗೋಡೆಯಲ್ಲಿ
ಯಾರ ಕೈಗೂ ಎಟುಕದಷ್ಟು ಮೇಲೆ ಕೂರಿಸಿದ್ದಾನೆ.
ದೀಪ ನೆಟ್ಟಗಿದ್ದರೆ,
ಹಾದುಹೋಗುವಾಗ, ಮಿನುಗುತ್ತದೆ.