ಅಲ್ಲಿ ಸರಿಯೆಂದರೆ

ಮೆಲ್ಬರ್ನ್. ಜನವರಿ. ರಾತ್ರಿ ಹನ್ನೊಂದೂ ಹತ್ತು.
ಕ್ರೈಸ್ಟ್‌ಚರ್ಚಿನ ವಿಮಾನ ಬಂದು ನಿಂತಿದೆ,
ರೆಕ್ಕೆಯಂಚಿನಲ್ಲಿ ಇನ್ನೂ ಟಾಸ್ಮನ್ ಕಡಲಿನ ತೇವ.

ಒಳಗೆ ತಪಾಸಣೆಯ ಕಟ್ಟೆಯಲ್ಲಿ
ಯಾರದೋ ಚೀಲದ ಸೇಬು ತೊಟ್ಟಿಗೆ ಬಿತ್ತು.
ನೆರೆಯವರ ಹಣ್ಣನ್ನು ಈ ದೇಶ ನಂಬುವುದಿಲ್ಲ.
ಮೊಟ್ಟೆಯ ಬಿಳಿಯ ಆ ಸಿಹಿ ಮೊದಲು ಮಾಡಿದ್ದು ಯಾರೆಂದು
ಇವತ್ತಿಗೂ ಜಗಳ.
ಎಂದೋ ನೆಲದ ಮೇಲೆ ಉರುಳಿಸಿದ ಚೆಂಡೊಂದನ್ನು
ಅವರು ಮರೆತಿಲ್ಲ, ಇವರು ಮರೆತಂತೆ ನಟಿಸುತ್ತಾರೆ.

ಆದರೆ ಅರವತ್ತು ಟನ್ ಲೋಹ, ನೂರ ಅರವತ್ತು ಜೀವ
ಬಂದಿಳಿದದ್ದು ಅಲ್ಲಿಯವರ ಒಂದು ಕಾಗದದ ಮೇಲೆ.
ಅಲ್ಲಿ ಸರಿಯೆಂದರೆ ಇಲ್ಲೂ ಸರಿ.
ಮತ್ತೆ ಬಿಚ್ಚಬೇಡ, ಮತ್ತೆ ಕೇಳಬೇಡ:
ಎರಡು ಸರಕಾರಗಳ ಮಾತು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತ
ನನಗೆ ಅರ ಹಿಡಿಯಲು ಕಲಿಸಿದ
ಗೋಕಾಕ ಮಿಲ್ಲಿನ ಫಿಟ್ಟರ್ ಸಿದರಾಯಪ್ಪ
ಇದನ್ನು ಕೇಳಿದ್ದರೆ ಬೀಡಿ ಆರಿಸುತ್ತಿದ್ದ.
ಜೊತೆಯ ಡ್ಯಾರೆಲ್ ಪೋಕಾಕ್‌ಗೂ ಅದೇ ರೋಗ.
ಟಾರ್ಚ್ ಹಿಡಿದು ಚಕ್ರದ ಗೂಡಿಗೆ ಬಗ್ಗಿ
ಬೆರಳಿಂದ ತಟ್ಟುತ್ತಾನೆ, ಕಲ್ಲಂಗಡಿ ಕೊಳ್ಳುವವನಂತೆ.

ನಾನು ಸಹಿ ನೋಡುತ್ತೇನೆ.
ಟಿ. ಕೆರೆಯಾಮ.
ಹೆಸರಲ್ಲೊಂದು ಕೆರೆಯಿದೆಯೆಂದು ಮೊದಲ ದಿನ ನಕ್ಕಿದ್ದೆ.
ಆರು ವರ್ಷ. ಮುಖ ಗೊತ್ತಿಲ್ಲ, ದನಿ ಗೊತ್ತಿಲ್ಲ.
ಕೊನೆಯ ಅಕ್ಷರದ ಬಾಲ ಮೇಲೇರಿ
ಪೆನ್ನು ಎತ್ತುವ ಮುನ್ನ ಒಂದು ಚುಕ್ಕೆಯಷ್ಟು ನಿಲ್ಲುತ್ತದೆ:
ಇನ್ನೊಮ್ಮೆ ನಟ್ಟು ಮುಟ್ಟಿ ಬಂದವನ ಚುಕ್ಕೆ.
ಹಿಂತಿರುಗುವ ಹಾರಾಟಕ್ಕೆ, ಅದರ ಕೆಳಗೆ ನನ್ನದು,
ಕನ್ನಡದಲ್ಲಿ, ನೀಲಾಂಬಿಕೆ.

ಈ ರಾತ್ರಿ ಬಾಲ ಎಡಕ್ಕೆ ವಾಲಿದೆ. ಚುಕ್ಕೆಯಿಲ್ಲ.
ಹೆಸರು ಅದೇ, ಕೈ ಬೇರೆ.
ಕಾಯಿದೆಯಲ್ಲಿ ಇದಕ್ಕೆ ಕಲಮು ಇಲ್ಲ.
ತಡೆಯಲೇ? ಏನೆಂದು ಬರೆಯಲಿ, ಬಾಲ ವಾಲಿದೆ ಎಂದೇ?
ಅಲ್ಲಿ ಆಗಲೇ ಒಂದು ಗಂಟೆ ದಾಟಿತ್ತು.
ಒಂದು ಸಾಲು ಕಳಿಸಿದೆ: ಇದು ನಿಮ್ಮದೇ?

ಡ್ಯಾರೆಲ್‌ನ ಚಹಾ ಆರುವ ಮೊದಲೇ ಉತ್ತರ.
"ನನ್ನದೇ. ಪ್ಲಮ್ ಕೀಳಲು ಹೋಗಿ ಏಣಿಯಿಂದ ಬಿದ್ದೆ.
ಬಲಗೈಗೆ ಪ್ಲಾಸ್ಟರ್, ಎಡಗೈ ಬರೆಯಲು ಕಲಿಯುತ್ತಿದೆ.
ನಟ್ಟು ಬಿಗಿಸಿದ್ದು ಹುಡುಗ, ನಾನು ಎರಡು ಸಲ ನೋಡಿದ್ದೇನೆ."

ಅದರ ಕೆಳಗೆ, ಸ್ವಲ್ಪ ಜಾಗ ಬಿಟ್ಟು:
"ನಿಮ್ಮ ಲಿಪಿ ನನಗೆ ಓದಲು ಬಾರದು.
ಆದರೆ ಮೀನಿನ ಗಾಳದಂಥ ಆ ಮೊದಲ ಅಕ್ಷರ
ಅಕ್ಟೋಬರಿನಿಂದ ನಡುಗುತ್ತಿದೆ.
ಕೇಳಬಾರದಿತ್ತೇನೋ. ಕ್ಷೇಮವೇ?"

ಅಕ್ಟೋಬರಿನಿಂದ ಈ ಊರಲ್ಲಿ
ಯಾರೂ ಕೇಳಿರಲಿಲ್ಲ.

ಚಕ್ರದ ಗೂಡಿನೊಳಗಿಂದ ಡ್ಯಾರೆಲ್ ಕೂಗಿದ, ಎಲ್ಲ ಸರಿಯಿದೆ.
ನಾನಿನ್ನೂ ಉತ್ತರ ಬರೆಯುತ್ತಿದ್ದೆ.