ಹನ್ನೊಂದು ಕೀಲಿಕೈ

ನನ್ನ ಸೆರಗಿನ ತುದಿಗೆ ಹನ್ನೊಂದು ಕೀಲಿಕೈ.
ಕಾಂದೋಳಿಯೊಳಗ ಹನ್ನೊಂದು ಮನಿ, ಒಂದೂ ನನ್ನದಲ್ಲ.
ಅಮಾಸಿಗೊಮ್ಮೆ, ಹುಣ್ಣಿವಿಗೊಮ್ಮೆ ಹೋಗಿ
ನಳ ಬಿಡತೀನಿ, ತುಕ್ಕಿನ ನೀರು ಹೋಗೋತನಕ ನಿಂದರತೀನಿ,
ಕಿಡಕಿ ತಗದು ಹಾಸಿಗಿಗೆ ಬಿಸಿಲು ಕುಡಸತೀನಿ,
ಆರಿಸಿಟ್ಟ ಫ್ರಿಜ್ಜಿನ ಬಾಯಿ ಮುಚ್ಚಬಾರದಂತ
ನಡುವ ಒಂದು ರಬ್ಬರ ಚಪ್ಪಲಿ ಸಿಗಸತೀನಿ.
ಯಾರೂ ಇರದ ಮನಿಗೂ ಉಸಿರಾಟ ಬೇಕು,
ಇಲ್ಲಂದ್ರ ಗ್ವಾಡಿ ಬೂಸರ ಹಿಡೀತಾವ.

ಏಳನೇದು ಗ್ವೆನ್‌ಬಾಯಿದು.
ವೇಲ್ಸ್ ಅಂತ ಒಂದು ದೇಶ ಐತೆಂತ. ಅಲ್ಲಿ ದವಾಖಾನಿಯೊಳಗ
ಮೂವತ್ತೆರಡು ವರ್ಷ ರಾತ್ರಿಪಾಳಿ ಮಾಡಿ
ಕೂಡಿಟ್ಟ ರೊಕ್ಕ ತಂದಿದ್ದಳು.
ಮನಿ ನೋಡಾಕ ಬಂದಾಕಿ ಅಡಗಿಮನಿ ನೋಡಲಿಲ್ಲ,
ಸಂಡಾಸ ನೋಡಲಿಲ್ಲ, ನೆಟ್ಟಗ ಬಾಲ್ಕನಿಗೆ ಹೋಗಿ
ಕುರ್ಚಿ ತರಿಸಿ, ಬೂಟು ಬಿಚ್ಚಿ ಕುಂತು
ಅರ್ಧಾ ತಾಸು ಮಾತಾಡಲಿಲ್ಲ.
ಆಮ್ಯಾಲ ದಲಾಲಿ ಫೆಲಿಸಿಯಾನೊನ್ನ ಒಂದ ಕೇಳಿದಳು:
ಇದು ಹಿಂಗ ಇರತೈತೇನು?
ಅಂವ ನಕ್ಕ.
ಬಾಯಿ, ಸಮುದ್ರ ಎಲ್ಲಿಗೆ ಹೋಗತೈತಿ?

ಮಾಪ್ಸಾದ ಕಚೇರಿಯೊಳಗ ಸಹಿ ಮಾಡೋ ದಿನ
ಈ ನೆಲದಾಗ ಎಷ್ಟು ದಿನ ಇದ್ದಿ, ಎಲ್ಲಿ ಪುರಾವೆ ಅಂತ
ಕಾರಕೂನ ಆಕಿನ್ನ ಕಾಡಿದ.
ನಾ ಹೊರಗ ಕಲ್ಲಿನ ಕಟ್ಟಿ ಮ್ಯಾಲ
ಆಕಿ ಚೀಲ ಹಿಡಕೊಂಡು ಕುಂತು ನಮ್ಮ ದಿನಾ ಎಣಿಸಿದೆ.
ಹತ್ತೊಂಬತ್ತು ವರ್ಷ. ಯಾರೂ ಪುರಾವೆ ಕೇಳಿಲ್ಲ,
ಕೇಳೂವಂಥಾದ್ದು ನಾವೇನೂ ಕೊಂಡಿಲ್ಲ.
ಮೀನಿನ ಬಜಾರದಾಗ ಇನ್ನೂ ನಮಗ ಘಾಂಟಿ ಅಂತಾರ,
ಘಟ್ಟ ಇಳಿದು ಬಂದವರು.
ಆಕಿಗೆ ಫಿರಂಗಿ.
ಎರಡೂ ಹೆಸರು ತಕ್ಕಡಿಗೆ ಹಾಕಿದರ
ಯಾವದು ಜಡ, ನನಗ ತಿಳೀದು.

ತಿಂಗಳಿಗೊಮ್ಮೆ ಬಾಲ್ಕನಿಯಿಂದ ಒಂದು ಫೋಟೋ, ಅದು ಕರಾರು.
ಮೂರು ಸಾವಿರ ಪಗಾರ, ಒಂದು ಸಮುದ್ರ.
ನಾ ಕಳಸತಿದ್ದೆ.
ಆಕಿ ತಿರುಗಿ ಒಂದು ಕೆಂಪು ಹೃದಯ ಕಳಸತಿದ್ದಳು.

ಹ್ವಾದ ದೀಪಾವಳಿ ಮುಂದ ಎದರಿನ ತೆಂಗಿನ ತ್ವಾಟಕ್ಕ
ತಗಡು ಬಡದರು. ಐದು ಮಾಳಿಗಿ, ಲಿಫ್ಟು, ಮ್ಯಾಲ ಈಜೂ ಹೊಂಡ.
ಗೌಂಡಿ ಮೇಸ್ತ್ರಿ ದುರಗಪ್ಪ,
ನನ್ನ ಗಂಡ.
ಸಂಜಿಕ ಬಂದು ಕಾಲು ತೊಳಕೋತ ಅಂತಿದ್ದ,
ಇವತ್ತು ಎರಡನೇ ಸ್ಲ್ಯಾಬು ಆತು.
ನಾ ಬುತ್ತಿ ಡಬ್ಬಿ ತಿಕ್ಕೋತ ಮನಸಿನಾಗ ಎಣಸತಿದ್ದೆ:
ಉಸುಕು ಹೋತು. ತೆರಿ ಹೋದುವು. ಹಡಗು ಹೋದುವು.
ಮೂರನೇದಕ್ಕ ಬೆರಳಿನಷ್ಟು ನೀಲಿ ಉಳೀತು,
ನಾಕನೇದಕ್ಕ ಅದೂ ಇಲ್ಲ.

ನಿನ್ನ ಸ್ಲ್ಯಾಬಿನ ಮ್ಯಾಲಿಂದ ಒಂದು ಫೋಟೋ ತಗದು ಕೊಡು,
ಕಬ್ಬಣದ ಸರಳು ಬರಬಾರದು ನೋಡು, ಅಂದೆ.
ತಗದ. ಕಳಿಸಿದೆ. ಹೃದಯ ಬಂತು.
ನಾಕು ತಿಂಗಳು ಹಂಗ ನಡೀತು.
ಸಮುದ್ರ ಮುಚ್ಚಿದ್ದಕ್ಕ ಅವನ ಪಗಾರ, ತೋರಿಸಿದ್ದಕ್ಕ ನನ್ನದು,
ಎರಡೂ ಒಂದ ಡಬ್ಯಾಗ ಹಾಕಿ ಖೋಲಿ ಬಾಡಿಗಿ ಕಟ್ಟಿದಿವಿ.

ನಿನ್ನೆ ಆಕಿದು ಮೆಸೇಜು. ಮಗಳು ಓದಿ ಹೇಳಿದಳು:
ಮಣಕಾಲಿನ ಆಪರೇಶನ್ ಆತು, ಜನವರಿಗೆ ಬರತೀನಿ.
ಅದರ ಕೆಳಗ ಇನ್ನೊಂದು ಸಾಲು:
ಸಮುದ್ರ ಯಾಕ ಹತ್ತರ ಬಂದಂಗ ಕಾಣತೈತಿ?

ಇವತ್ತು ಅಮಾಸಿ ಅಲ್ಲ, ಹುಣ್ಣಿವಿ ಅಲ್ಲ. ಆದರೂ ಬಂದೀನಿ.
ಆಕಿ ಕುರ್ಚಿಯ ಧೂಳು ಒರಸಿ, ಮೊದಲ ಸಲ, ಅದರ ಮ್ಯಾಲ ಕುಂತೀನಿ.
ಎದರಿಗೆ ಬಾಗಲಿಲ್ಲದ ಬಾಗಲ ಚೌಕಟ್ಟು,
ಅದರಾಚಿ ಇನ್ನೊಂದು ಚೌಕಟ್ಟು, ನಡುವಿನ ಗ್ವಾಡಿ ಇನ್ನೂ ಎದ್ದಿಲ್ಲ.
ಅಂಗೈಯಷ್ಟು ನೀರು ಥಳಥಳ ಅಂತಿತ್ತು.
ಫೋನು ಎತ್ತಿದೆ. ಕರಣಿ ಹಿಡಕೊಂಡು ದುರಗಪ್ಪ ಅಡ್ಡ ಬಂದ,
ಸರೀಲೇನು ಅಂತ ಕೈ ಮಾಡಿದ.
ಬ್ಯಾಡ, ಅಲ್ಲೇ ನಿಂದರು ಅಂದೆ.

ಕಳಿಸೀನಿ.
ಎರಡು ನೀಲಿ ಗೀಟು ಬಿದ್ದಾವ. ಹೃದಯ ಇನ್ನೂ ಬಂದಿಲ್ಲ.
ನಳ ಬಿಟ್ಟು ನಿಂತೀನಿ,
ತುಕ್ಕಿನ ನೀರು ಹೋಗೋತನಕ.