ಅಲುಗಾಡಬೇಡಿ

ಸೋಪು ಹಚ್ಚಬೇಡಿ ಬಾಯಿ, ಎಂದಿದ್ದ ಪುರ್ಸೋ ವೇಳಿಪ
ಹಿಂದಿನ ರಾತ್ರಿ, ಫೋನಿನಲ್ಲಿ.
ಪೌಡರು, ಎಣ್ಣೆ, ಅಬ್ಬಲಿಗೆ ದಂಡೆ ಯಾವುದೂ ಬೇಡ.
ಹುಟ್ಟಿ ಮೂರು ದಿನ ಆಗಿರಬೇಕು,
ಅದಕ್ಕಿನ್ನೂ ಮೈವಾಸನೆ ಬಂದಿಲ್ಲ.
ನಿಮ್ಮದನ್ನು ಅಲ್ಲಿಟ್ಟು ಬರಬೇಡಿ.

ಬರೀ ನೀರು ಸುರಿದುಕೊಂಡು
ಕೋಡಿಬಾಗದಲ್ಲಿ ಐದೂವರೆಯ ಬಸ್ಸು ಹತ್ತಿದೆ.
ತೊಡೆಯ ಮೇಲೆ ಟವೆಲು ಸುತ್ತಿದ ಲೆನ್ಸು;
ಕಂಡಕ್ಟರು ಬಗ್ಗಿ ನೋಡಿ
ಕೂಸಿಗೆ ಟಿಕೇಟಿಲ್ಲ ಬಿಡಿ, ಎಂದು ನಕ್ಕ.
ಎಡಕ್ಕೆ ಕಾಳಿ, ಇನ್ನೂ ಹೊದ್ದು ಮಲಗಿತ್ತು.
ಕದ್ರಾ ದಾಟಿದ ಮೇಲೆ
ಕಿಟಕಿಯೊಳಗೇ ಕೈಹಾಕುವ ಕಾಡು.

ನನ್ನ ಕಸುಬು ಪಾಸ್‌ಪೋರ್ಟ್ ಫೋಟೊ.
ಬಿಳಿ ಪರದೆ, ಎರಡು ಕೊಡೆ, ಒಂದು ಸ್ಟೂಲು.
ಇಪ್ಪತ್ತಾರು ವರ್ಷದಿಂದ ಹೇಳುತ್ತ ಬಂದದ್ದು ಇಷ್ಟೇ:
ಗದ್ದ ಮೇಲೆ. ಕಿವಿ ಕಾಣಲಿ. ಅಲುಗಾಡಬೇಡಿ.
ಹಡಗಿಗೆ ಹೋಗುವ ಹುಡುಗರು,
ಹಜ್‌ಗೆ ಹೊರಟ ಅಜ್ಜಿಯರು,
ಹಾಲುಹಲ್ಲು ಬಿದ್ದ ಬಾಯನ್ನು ಬಿಗಿಹಿಡಿದ ಮಕ್ಕಳು,
ಎಲ್ಲರೂ ಕೊನೇ ಗಳಿಗೆಗೆ
ಒಂದು ಚೂರು ಅಲುಗುತ್ತಾರೆ.

ಇದು ಅಲುಗಲಿಲ್ಲ.

ಪುರ್ಸೋ ಬೆರಳು ತೋರಿಸಿದ. ನನಗೇನೂ ಕಾಣಲಿಲ್ಲ.
ಮತ್ತಿಮರದ ಬೇರು, ತರಗೆಲೆ,
ತರಗೆಲೆಯ ಮೇಲೆ ಚೆಲ್ಲಿದ ಬಿಸಿಲಿನ ಚಿಲ್ಲರೆ.
ಎಣಿಸುತ್ತ ನಿಂತೆ.
ಎಣಿಸುವಾಗ ಎರಡು ಕಾಸು ಮಾತ್ರ
ಕಪ್ಪಗೆ, ಒದ್ದೆಯಾಗಿ ಹೊಳೆದವು.

ಕಾಡುಕುರಿ! ಎಂದೆ.
ಭೇಕರ, ಎಂದು ತಿದ್ದಿದ ಮೆಲ್ಲಗೆ,
ಅವನ ಮನೆಯ ಮಗುವನ್ನು ನಾನು
ಬೇರೆ ಹೆಸರಿಂದ ಕರೆದ ಹಾಗೆ.

ಹಳ್ಳದಾಚೆ ತಾಯಿ ಬೊಗಳಿತು, ಒಂದೇ ಸಲ.
ಒಡೆದ ಕೊಡಪಾನಕ್ಕೆ ಯಾರೋ ಕಲ್ಲು ಬೀರಿದಂಥ ದನಿ.
ಮರಿ ಕೇಳಿಸಿಕೊಂಡಿರಬೇಕು:
ನೆಲಕ್ಕೆ ಇನ್ನಷ್ಟು ಅಂಟಿತು.
ಮೈಯೆಲ್ಲ ನಿಂತಿತ್ತು,
ಹೊಟ್ಟೆಯೊಂದೇ ಓಡುತ್ತಿತ್ತು.

ಹೀಗೆ ಕೂರುವುದನ್ನು ನಾನು ಹಿಂದೆ ನೋಡಿದ್ದೇನೆ.

ಆಗ ನನಗೆ ಹನ್ನೊಂದು. ಅಪ್ಪನ ಸ್ಟುಡಿಯೊ ಮುಂದೆ ಲಾರಿ.
ನೌಕಾನೆಲೆಗೆ ಊರು ಬಿಡುವವರು
ಪರಿಹಾರದ ಫಾರ್ಮಿಗೆ ಫೋಟೊ ಬೇಕೆಂದು ಬಂದಿದ್ದರು,
ಮೈಗೆ ಮೀನಿನ, ಹೊಗೆಯ, ತೊಳೆದ ಸೀರೆಯ ವಾಸನೆ.
ಕೊರಳ ತುಂಬ ಕರಿಮಣಿಯ ಒಬ್ಬ ಅಜ್ಜಿ
ಸ್ಟೂಲಿನ ತುದಿಯಲ್ಲಿ ಕೂತಳು.
ಅಲುಗಾಡಬೇಡಿ, ಎಂದರು ಅಪ್ಪ.
ಬೆಳಕು ಹೊಡೆಯಿತು. ಆಯ್ತು ಏಳಿ, ಎಂದರು.
ಏಳಲಿಲ್ಲ. ಸಾಲು ಬೆಳೆಯುತ್ತಿತ್ತು.
ಎಷ್ಟೋ ಹೊತ್ತಿನ ಮೇಲೆ ತುಟಿ ಮಾತ್ರ ಆಡಿಸಿ ಕೇಳಿದಳು:
ಉಸಿರು ಬಿಡ್ಲಾ?

ಮೂರು ಸಲ ಒತ್ತಿದೆ.
ಒತ್ತಲಿಲ್ಲ ಎಂದು ಹೇಳಿಕೊಳ್ಳಬಹುದಿತ್ತು,
ಆದರೆ ಒತ್ತಿದೆ. ಮೂರನೆಯದಕ್ಕೆ
ಎಡಗಿವಿ ನನ್ನ ಕಡೆ ಹೊರಳಿತು.
ಸಾಕು, ಎಂದ ಪುರ್ಸೋ.
ಬೆನ್ನು ತೋರಿಸದೆ ಹಿಂದಕ್ಕೆ ನಡೆದೆವು,
ಒಂದೊಂದೇ ಹೆಜ್ಜೆ,
ಹಾಸಿಗೆಯಲ್ಲಿ ಕೂಸು ಮಲಗಿಸಿ ಹೊರಬರುವವರ ಹಾಗೆ.
ಆಯ್ತು ಏಳು, ಎಂದು ಅದಕ್ಕೆ ಹೇಳುವವರು
ನಾವಾಗಿರಲಿಲ್ಲ.

ಮಳೆ ಶುರುವಾದ ಮೇಲೆ ಅವನೇ ಬಂದ,
ವಾಚರ್ ಕಾರ್ಡಿಗೆ ಎರಡು ಫೋಟೊ ಬೇಕಿತ್ತು.
ಗಾಜಿನ ಹಿಂದೆ, ನಗುವ ವಧುಗಳ ನಡುವೆ
ತರಗೆಲೆಯ ಆ ಚಿತ್ರ ತೂಗಿತ್ತು.
ಗಿರಾಕಿಗಳು ಕೇಳುವುದು ಒಂದೇ:
ಎಲೆ ಯಾಕೆ ತೆಗೆದಿರಿ?

ಅವನು ಮರಿಯನ್ನು ನೋಡಲೇ ಇಲ್ಲ.
ಹಿಂದಿನ ಬೇರಿಗೆ ಉಗುರು ಇಟ್ಟು,
ಇದನ್ನು ಕತ್ತರಿಸಿ ಬಾಯಿ, ಎಂದ.
ಬಂದೂಕಿನವರಿಗೆ ಈ ಮರ ಗೊತ್ತು.
ಕತ್ತರಿಸಿದೆ, ಅವನೆದುರಿಗೇ.

ಈಗ ಅದಕ್ಕೆ ವಾಸನೆ ಬಂದಿರುತ್ತದೆ, ಎಂದ,
ತಲೆಗೂದಲಿನ ನೀರು ಒರೆಸಿಕೊಳ್ಳುತ್ತ.
ಓಡಲೂ ಬರುತ್ತದೆ.

ಆಮೇಲೆ ಸ್ಟೂಲಿನ ಮೇಲೆ ಕೂತ.
ಗದ್ದ ಮೇಲೆ ಎಂದೆ, ಕಿವಿ ಕಾಣಲಿ ಎಂದೆ.
ಬೆಳಕು ಹೊಡೆಯುವ ಮೊದಲೇ ಕಣ್ಣು ಮುಚ್ಚಿದ.

ಇನ್ನೊಂದು ತೆಗೆಯೋಣ, ಎಂದೆ.